ಸಹಾಯ ಬೇಕು: ಬಂಗಾರದ ಬೋರಮಾಳ ಸರ ಮಾರಬೇಕಾ, ಸಾಲದ ಕಂತು ಇಳಿಸಿ ಅಂತ ಕೇಳಬೇಕಾ?

ಅಕ್ಕಂದಿರೇ, ಅಣ್ಣಂದಿರೇ, ನಮ್ಮದು ಬೆಟಗೇರಿ. ಮನೆಯವರದು ಮಗ್ಗದ ಕೆಲಸ, ನನ್ನದು ಹೊಲಿಗೆ. ಇಬ್ಬರದೂ ಸೇರಿ ತಿಂಗಳಿಗೆ 22,000 ಬರುತ್ತದೆ. ಹೋದ ವಾರ ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಕಂತುಗಳನ್ನೆಲ್ಲ ಬರೆದು ಕೂಡಿಸಿದೆ. ಎರಡು ಸಂಘದ ಸಾಲದ್ದೇ 13,400. ಬಂಗಾರದ ಸಾಲದ ಬಡ್ಡಿ ಬೇರೆ. ಪೆನ್ನು ಹಿಡಿದ ಕೈ ನಡುಗಿತು. ಎರಡನೇ ಸಾಲ ತೆಗೆದದ್ದೇ ಮೊದಲಿನದರ ಕಂತು ಕಟ್ಟಲು. ಅವತ್ತೇ ಎಚ್ಚರ ಆಗಬೇಕಿತ್ತು.

ಕಿರಾಣಿ ಅಂಗಡಿಯ ಉದ್ರಿ ನಿಲ್ಲಿಸಿದೆವು. ರಾತ್ರಿ ಜಾಸ್ತಿ ಹೊತ್ತು ಹೊಲಿಯುತ್ತಿದ್ದೇನೆ. ಆದರೂ ಸಾಲುತ್ತಿಲ್ಲ.

ಇಂಥ ಸಂಘದ (ಮೈಕ್ರೋಫೈನಾನ್ಸ್) ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ಮನೆಯ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೂ ಬಂದಿದೆ. ಆದರೆ ನನಗೆ ಸಾಲ ಮುಳುಗಿಸುವ ಮನಸ್ಸಿಲ್ಲ, ತೀರಿಸಬೇಕು.

ಗೊಂದಲ ಇಷ್ಟೇ. ಅವಧಿ ಹೆಚ್ಚಿಸಿ ಕಂತು ಇಳಿಸಿ ಅಂತ ಅರ್ಜಿ ಕೊಟ್ಟರೆ ಸಂಘದ ಉಳಿದ ಹೆಂಗಸರ ಮೇಲೆ ಹೊರೆ ಬೀಳುತ್ತದಾ? ಅವರೂ ನನ್ನಂಥವರೇ ಅಲ್ವಾ. ಇಲ್ಲಾ, ಒತ್ತೆ ಇಟ್ಟಿರುವ ಅವ್ವನ ಬೋರಮಾಳ ಬಿಡಿಸಿ, ಮಾರಿ, ಒಂದು ಸಂಘದ ಸಾಲ ಪೂರ್ತಿ ಮುಗಿಸಲಾ? ಹೀಗೆ ಮಾಡಿದವರು ಇದ್ದರೆ, ಮೊದಲು ಯಾವುದು ಮಾಡಲಿ ಹೇಳಿ.