ಸಹಾಯ ಬೇಕು: ಎಐ ಮಾಡಿದ ಹಿನ್ನೆಲೆ ಸಂಗೀತಕ್ಕೆ ಕಾಪಿರೈಟ್ ಕ್ಲೇಮ್ ಬಂದಿದೆ

ಎಲ್ಲರಿಗೂ ನಮಸ್ಕಾರ. ಒಂದು ಹಾಡು ಮಾಡಿದ್ದೇನೆ. ಸಾಹಿತ್ಯ ನನ್ನದು, ರಾಗ ಹಾಕಿ ಹಾಡಿದ್ದೂ ನಾನೇ. ಹಿನ್ನೆಲೆ ಸಂಗೀತ ಮಾತ್ರ ಎಐ ಆ್ಯಪ್‌ನದು, ಅದೂ ದುಡ್ಡು ಕೊಟ್ಟು ತಗೊಂಡ ಪ್ಲಾನ್. ಅಪ್‌ಲೋಡ್ ಆದ ಮೇಲೆ ಬೇರೆ ಯಾರೋ ಕ್ಲೇಮ್ ಹಾಕಿದ್ದಾರೆ. ಶುರುವಿನಲ್ಲಿ ಬರುವ ಕೊಳಲಿನ ತುಣುಕು ಅವರದಂತೆ! ಅದೇ ಆ್ಯಪ್ ಅವರಿಗೂ ಅಂಥದ್ದೇ ಕೊಟ್ಟಿರಬೇಕು ಅಂತ ನನ್ನ ಗುಮಾನಿ.

ಆ್ಯಪ್‌ನವರಿಗೆ ಮೇಲ್ ಹಾಕಿದೆ. 'ವಾಣಿಜ್ಯ ಬಳಕೆಗೆ ನಿಮಗೆ ಹಕ್ಕಿದೆ' ಅಂತ ನಿಯಮದ ಪುಟದ ಲಿಂಕ್ ಕಳಿಸಿ ಕೈ ತೊಳೆದುಕೊಂಡರು. ಬಳಸುವ ಹಕ್ಕು ಬೇರೆ, ಕಾಪಿರೈಟ್ ಬೇರೆ ಅಲ್ವಾ? ಅಮೆರಿಕದ ಕಾಪಿರೈಟ್ ಕಚೇರಿಯ 2025ರ ಜನವರಿ ವರದಿಯನ್ನೂ ನೋಡಿದೆ. ಸುಮ್ನೆ ಪ್ರಾಂಪ್ಟ್ (ಎಐಗೆ ಬರೆದು ಕೊಡುವ ಸೂಚನೆ) ಕೊಟ್ಟು ಬಂದದ್ದಕ್ಕೆ ಕಾಪಿರೈಟ್ ಸಿಗಲ್ಲ, ಮನುಷ್ಯರು ಮಾಡಿದ ಭಾಗಕ್ಕೆ ಸಿಗುತ್ತದೆ ಅಂತ ಅದರಲ್ಲಿದೆ. ಹಾಗಾದರೆ ಆ ಕೊಳಲು ನನ್ನದೂ ಅಲ್ಲ, ಅವರದೂ ಅಲ್ಲ!

ಸಿಕ್ಕಿಕೊಂಡಿರೋದು ಇಲ್ಲೇ. ತಕರಾರು ಫಾರ್ಮ್‌ನಲ್ಲಿ ಎರಡೇ ಆಯ್ಕೆ: 'ಪೂರ್ತಿ ನನ್ನ ಸ್ವಂತ ಕೃತಿ' ಅಥವಾ 'ಲೈಸೆನ್ಸ್ ಇದೆ'. ಮೊದಲನೆಯದು ಒತ್ತಿದರೆ ಸುಳ್ಳು ಹೇಳಿದಂತೆ. ಎರಡನೆಯದಕ್ಕೆ ಲೈಸೆನ್ಸ್ ಪತ್ರ ಕೇಳುತ್ತದೆ, ನನ್ನ ಹತ್ತಿರ ಇರೋದು ದುಡ್ಡು ಕಟ್ಟಿದ ರಸೀದಿ ಮಾತ್ರ.

ಇಂಥ ಕ್ಲೇಮ್ ಬಿಡಿಸಿಕೊಂಡವರು ಯಾರಾದರೂ ಇದ್ದೀರಾ? ಯಾವ ಆಯ್ಕೆ ಹಾಕಿದಿರಿ, ಪುರಾವೆಗೆ ಏನು ಕೊಟ್ಟಿರಿ?