ಪಕ್ಷಾಂತರವೋ, ತಕ್ಕಡಿಯೋ: ಎಂಟನೆಯ ತರಗತಿಗೆ ಸಮೀಕರಣ ಕಲಿಸುವ ಬಗೆ

ಎಂಟನೇ ಕ್ಲಾಸ್ ಟೀಚರ್

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ವಾರ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುವಾಗ ಒಂದೇ ತಪ್ಪು ಮತ್ತೆ ಮತ್ತೆ ಎದುರಾಯಿತು. (ಕನ್ನಡದಲ್ಲಿಯೇ ಬರೆಯುತ್ತಿರುವುದರಿಂದ ಅವ್ಯಕ್ತವನ್ನು, ಅಂದರೆ ಕಂಡುಹಿಡಿಯಬೇಕಾದ ಸಂಖ್ಯೆಯನ್ನು, ‘ಯಾ’ ಎನ್ನುತ್ತೇನೆ. ಭಾಸ್ಕರಾಚಾರ್ಯರೂ ‘ಯಾವತ್ತಾವತ್’ ಎಂಬುದನ್ನು ಹೀಗೆಯೇ ಮೊಟಕುಗೊಳಿಸಿದ್ದರು.) 3ಯಾ = 12 ಎಂದು ಕೊಟ್ಟರೆ ಹಲವು ಮಕ್ಕಳು ಯಾ = 12 − 3 = 9 ಎಂದು ಬರೆದಿದ್ದರು. ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. “ಮಿಸ್, ಮೂರು ಆ ಕಡೆ ಹೋದರೆ ಚಿಹ್ನೆ ಬದಲಾಗಬೇಕಲ್ಲವೇ?” ಎಂದು ಅವಳು ನನ್ನನ್ನೇ ಕೇಳಿದಳು. ನಾನು ಹೇಳಿಕೊಟ್ಟ ನಿಯಮವನ್ನೇ ಆಕೆ ಚಾಚೂ ತಪ್ಪದೆ ಪಾಲಿಸಿದ್ದಳು. ಆದ್ದರಿಂದ ಪಕ್ಷಾಂತರ (ಸಮಚಿಹ್ನೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಚಿಹ್ನೆ ಬದಲಿಸಿ ಸಾಗಿಸುವುದು) ಎಂಬ ಪದವನ್ನೇ ಮೊದಲ ಒಂದು ತಿಂಗಳು ತರಗತಿಯಿಂದ ಹೊರಗಿಟ್ಟು, ಎರಡೂ ಬದಿಗೆ ಒಂದೇ ಕ್ರಿಯೆ ಮಾಡುವುದನ್ನು ಮಾತ್ರ ಕಲಿಸಬೇಕೆಂಬುದು ನನ್ನ ಈಗಿನ ಯೋಚನೆ. ಅನುಭವಸ್ಥರು ಏನು ಹೇಳುತ್ತೀರಿ?

ನಿವೃತ್ತ ಮೇಷ್ಟ್ರು

ಟೀಚರಮ್ಮ, ತಪ್ಪು ನಿಯಮದ್ದಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸಿದ್ದರದ್ದು. ಕೂಡಿದ ಪದ ಆಚೆ ಹೋದರೆ ಕಳೆಯುತ್ತದೆ, ಗುಣಿಸಿದ್ದು ಆಚೆ ಹೋದರೆ ಭಾಗಿಸುತ್ತದೆ ಎಂಬ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು. ನಾನು ತರಗತಿಯಲ್ಲಿ “ಪಕ್ಷ ಬದಲಿಸಿದವನ ಚಿಹ್ನೆಯೂ ಬದಲಾಗುತ್ತದೆ” ಎನ್ನುತ್ತಿದ್ದೆ. ಚುನಾವಣೆಯ ಕಾಲದಲ್ಲಂತೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೂ ಅದನ್ನು ಮರೆಯುತ್ತಿರಲಿಲ್ಲ. ಮೂರು ಗಂಟೆಯಲ್ಲಿ 80 ಅಂಕದ ಪತ್ರಿಕೆ ಬರೆಯಬೇಕಾದ ಮಗು, ಪ್ರತಿ ಸಾಲಿನಲ್ಲೂ ಎರಡೂ ಬದಿಗೆ 7 ಕೂಡಿಸಿದೆ, ಎರಡೂ ಬದಿಯಿಂದ 2ಯಾ ಕಳೆದೆ ಎಂದು ವಿಸ್ತಾರವಾಗಿ ಬರೆಯುತ್ತ ಕುಳಿತರೆ ರೇಖಾಗಣಿತದ ಪ್ರಮೇಯಕ್ಕೆ ಸಮಯವೇ ಉಳಿಯುವುದಿಲ್ಲ.

ಎಂಟನೇ ಕ್ಲಾಸ್ ಟೀಚರ್

ಮೇಷ್ಟ್ರೇ, ನಿಮ್ಮ ಮಾತು ಕೇಳಿ ನನಗೂ ನಗು ಬಂತು, ನಾಳೆಯೇ ಬಳಸಬೇಕೆನಿಸಿತು. ಆದರೆ ನನ್ನ ಆತಂಕವೂ ಅಲ್ಲಿಯೇ ಇದೆ. ನಗು ನೆನಪಿನಲ್ಲಿ ಉಳಿಯುತ್ತದೆ, ಕಾರಣ ಉಳಿಯುವುದಿಲ್ಲ. ನೀವು ಹೇಳಿದ ಎರಡೂ ಮಾತನ್ನು ಬಾಯಿಪಾಠ ಮಾಡಿದ ಹುಡುಗನೊಬ್ಬ −2ಯಾ = 10 ಎಂಬುದಕ್ಕೆ ಯಾ = 5 ಎಂದು ಬರೆದಿದ್ದಾನೆ. ಎರಡು ಆಚೆ ಹೋಯಿತು, ಭಾಗಿಸಿತು, ಜೊತೆಗೆ ಚಿಹ್ನೆಯನ್ನೂ ಬದಲಿಸಿಕೊಂಡಿತು! ಒಂದು ತಪ್ಪನ್ನು ತಡೆಯಲು ಹೋಗಿ ನಾವು ಇನ್ನೊಂದನ್ನು ಕಲಿಸಿದಂತಾಯಿತು.

ಮನೆಪಾಠದ ಅಪ್ಪ

ನಾನು ಶಿಕ್ಷಕನಲ್ಲ, ಸಾಫ್ಟ್‌ವೇರ್ ಕೆಲಸದವನು. ಮಗಳಿಗೆ ಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕಲಿಸಿದೆ. ಒಂದು ತಟ್ಟೆಯಲ್ಲಿ ಒಂದೇ ತೂಕದ ಎರಡು ಮುಚ್ಚಿದ ಡಬ್ಬಿ ಮತ್ತು ಮೂರು ಗೋಲಿ, ಇನ್ನೊಂದರಲ್ಲಿ ಹನ್ನೊಂದು ಗೋಲಿ. ಈ ಕಡೆಯಿಂದ ಮೂರು ಗೋಲಿ ತೆಗೆದರೆ ಆ ಕಡೆಯಿಂದಲೂ ಮೂರು ತೆಗೆಯಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅಂದು ನನಗೆ ಹೊಳೆಯಿತು. 8 + 4 = __ + 5 ಎಂದು ಬರೆದುಕೊಟ್ಟಾಗ ಅವಳು ಖಾಲಿ ಜಾಗದಲ್ಲಿ 12 ಎಂದು ತುಂಬಿದ್ದಳು. ಒಂದನೆಯ ತರಗತಿಯಿಂದಲೂ ಸಮಚಿಹ್ನೆಯೆಂದರೆ “ಈಗ ಉತ್ತರ ಬರೆ” ಎಂಬ ಆಜ್ಞೆ ಎಂದೇ ಅವಳು ತಿಳಿದಿದ್ದಳು. ಎರಡೂ ಬದಿಗಳ ಬೆಲೆ ಒಂದೇ ಎಂಬ ಅರ್ಥ ಮನಸ್ಸಿನಲ್ಲಿ ಇಲ್ಲದವರಿಗೆ ಪಕ್ಷಾಂತರವೂ ಒಂದೇ, ಮಂತ್ರವೂ ಒಂದೇ.

ಕಲಬುರಗಿಯಿಂದ

ಸಮಚಿಹ್ನೆಯ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ತಕ್ಕಡಿಯ ಮೇಲೆ ಅತಿಯಾಗಿ ನಂಬಿಕೆ ಇಡಬೇಡಿ ಸರ್. ಯಾ + 5 = 2 ಎಂಬ ಲೆಕ್ಕವನ್ನು ಅದರಲ್ಲಿ ತೂಗಿ ತೋರಿಸುವುದು ಹೇಗೆ? ಎರಡೇ ಗೋಲಿ ಇರುವ ತಟ್ಟೆಯಿಂದ ಐದನ್ನು ತೆಗೆಯಲಾಗದು, ಋಣ ತೂಕದ ಡಬ್ಬಿ ಯಾವ ಅಂಗಡಿಯಲ್ಲೂ ಸಿಗದು. ಋಣಸಂಖ್ಯೆ ಬಂದ ದಿನವೇ ತಕ್ಕಡಿಯ ಕೆಲಸ ಮುಗಿಯುತ್ತದೆ, ನಮ್ಮ ಮಕ್ಕಳು ಎಡವುವುದೂ ಅಲ್ಲಿಯೇ.

ಇದಕ್ಕೆ ನಾನು ಬಳಸುವುದು ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿರುವ, ಹನ್ನೆರಡನೆಯ ಶತಮಾನದ ಕುದುರೆಗಳ ಲೆಕ್ಕವನ್ನು. ಒಬ್ಬನ ಬಳಿ 300 ರೂಪ (ರೂಪಾಯಿ ಎಂದೇ ಇಟ್ಟುಕೊಳ್ಳೋಣ) ಮತ್ತು 6 ಕುದುರೆ. ಇನ್ನೊಬ್ಬನ ಬಳಿ ಅದೇ ಬೆಲೆಯ 10 ಕುದುರೆ ಇವೆ, ಆದರೆ 100 ರೂಪ ಸಾಲವೂ ಇದೆ. ಇಬ್ಬರ ಆಸ್ತಿಯೂ ಸಮ, ಹಾಗಾದರೆ ಒಂದು ಕುದುರೆಯ ಬೆಲೆ ಎಷ್ಟು? ಅಂದರೆ 6ಯಾ + 300 = 10ಯಾ − 100. ಎರಡನೆಯವನ ಸಾಲ ತೀರಿಸಲು ಅವನ ಕೈಗೆ 100 ಕೊಡೋಣ ಎಂದರೆ ಹಿಂದಿನ ಬೆಂಚಿನಿಂದಲೇ ಕೂಗು ಬರುತ್ತದೆ: “ಹಂಗಾದ್ರ ಇವಗೂ ನೂರು ಕೊಡ್ರಿ ಸರ್!” ಈಗ ಮೊದಲನೆಯವನ ಬಳಿ 400 ರೂಪಾಯಿ ಮತ್ತು 6 ಕುದುರೆ, ಎರಡನೆಯವನ ಬಳಿ ಸಾಲವಿಲ್ಲದ 10 ಕುದುರೆ. ಇಬ್ಬರ ಲಾಯದಿಂದಲೂ ಆರಾರು ಕುದುರೆ ಬಿಚ್ಚಿ ಕಳುಹಿಸಿದರೆ 400 = 4ಯಾ, ಒಂದು ಕುದುರೆಗೆ 100. ಬಲಗಡೆಯ −100 ಎಡಗಡೆಗೆ +100 ಆಗಿ ಬಂದದ್ದು ಏಕೆಂದು ಆಮೇಲೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಸುಮಾರು 820ರ ಹೊತ್ತಿಗೆ ಬಗ್ದಾದಿನಲ್ಲಿ ಗಣಿತಜ್ಞ ಅಲ್ ಖ್ವಾರಿಜ್ಮಿ ‘ಅಲ್ ಜಬ್ರ್’ ಎಂದು ಕರೆದದ್ದೂ ಇದೇ ಸಾಲ ತೀರಿಸುವ ಹೆಜ್ಜೆಯನ್ನೇ, ಆಲ್ಜಿಬ್ರಾ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ.

ನಿವೃತ್ತ ಮೇಷ್ಟ್ರು

ಕುದುರೆ ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಉತ್ತರವೇ −5 ಎಂದು ಬಂದರೆ ಐದು ರೂಪಾಯಿ ಸಾಲದ ಬೆಲೆಯ ಕುದುರೆಯನ್ನು ಎಲ್ಲಿಂದ ತರುತ್ತೀರಿ? ಪ್ರತಿ ಕಥೆಯೂ ಎಲ್ಲೋ ಒಂದು ಕಡೆ ಕೈಕೊಡುತ್ತದೆ, ಕೊನೆಗೆ ಮಗು ಚಿಹ್ನೆಗಳನ್ನೇ ನಂಬಿ ನಡೆಯಬೇಕು. ಇನ್ನೊಂದು ಮಾತು: ‘ಪಕ್ಷ’ ಎಂಬ ಪದವನ್ನು ಭಾಸ್ಕರರೂ ಬಳಸಿದ್ದಾರೆ. ಒಂದು ಪಕ್ಷದ ಅವ್ಯಕ್ತವನ್ನು ಮತ್ತೊಂದು ಪಕ್ಷದಿಂದ ಕಳೆಯಿರಿ ಎಂದು ಅವರೇ ಹೇಳಿದ್ದಾರೆ. ಅದು ಪಕ್ಷಾಂತರವಲ್ಲದೆ ಮತ್ತೇನು?

ಕಲಬುರಗಿಯಿಂದ

ಅದಕ್ಕೂ ಮೊದಲು, ಕೂಡಿ, ಕಳೆದು, ಗುಣಿಸಿ ಅಥವಾ ಭಾಗಿಸಿ ಎರಡು ಪಕ್ಷಗಳನ್ನು ಸಮವಾಗಿಸಿಕೊಳ್ಳಿ ಎಂದೂ ಅವರೇ ಹೇಳುತ್ತಾರೆ ಮೇಷ್ಟ್ರೇ. ಸಮತ್ವ ಮೊದಲು, ಕಳೆಯುವುದು ಆಮೇಲೆ. ಕಥೆ ಕೈಕೊಡುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಅದನ್ನು ಬಿಡುವ ಹೊತ್ತಿಗೆ ಮಗುವಿಗೆ ಹೆಜ್ಜೆಯ ಕಾರಣ ತಿಳಿದಿದ್ದರೆ ಸಾಕು.

ಪಿಯು ಉಪನ್ಯಾಸಕ

ನಿಮ್ಮ ಮಕ್ಕಳು ಮುಂದೆ ನಮ್ಮ ಕೈಗೆ ಬರುವುದರಿಂದ ನನ್ನದೂ ಒಂದು ಮಾತು. ಯಾ² = 3ಯಾ ಎಂದು ಬರೆದರೆ ತರಗತಿಯ ಬಹುಪಾಲು ಮಕ್ಕಳು ಎರಡೂ ಕಡೆಯ ಯಾ ಹೊಡೆದುಹಾಕಿ ಯಾ = 3 ಎನ್ನುತ್ತಾರೆ. ಸೊನ್ನೆ ಎಂಬ ಇನ್ನೊಂದು ಉತ್ತರ ಕಳೆದುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. “ಹೊಡೆದುಹಾಕು”, “ಆಚೆ ಕಳಿಸು” ಎಂಬ ಮಾತಿನಲ್ಲಿ ಕ್ರಿಯೆಯ ಹೆಸರೇ ಅಡಗಿಹೋಗುತ್ತದೆ. ಎರಡೂ ಬದಿಯನ್ನು ಯಾ ಇಂದ ಭಾಗಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವಿದ್ದರೆ, ಅದು ಸೊನ್ನೆಯಾಗಿದ್ದರೆ ಏನು ಗತಿ ಎಂಬ ಪ್ರಶ್ನೆ ಒಬ್ಬಿಬ್ಬರಿಗಾದರೂ ಹೊಳೆಯುತ್ತದೆ. ವೇಗ ನಮಗೂ ಬೇಕು, ಆದರೆ ಎಂಟನೆಯ ತರಗತಿಯಲ್ಲಿ ಉಳಿಸಿದ ಸಮಯವನ್ನು ಪಿಯುಸಿಯಲ್ಲಿ ಬಡ್ಡಿ ಸಮೇತ ಕಟ್ಟುತ್ತಿದ್ದೇವೆ.

ನಿವೃತ್ತ ಮೇಷ್ಟ್ರು

ಬಡ್ಡಿಯ ಮಾತು ಒಪ್ಪುವಂಥದ್ದೇ. ಹಾಗಾದರೆ ನನ್ನದೊಂದು ಷರತ್ತು: ಯಾವ ದಾರಿಯಲ್ಲಿ ಬಿಡಿಸಿದರೂ ತಾಳೆ ನೋಡದೆ ಪುಟ ತಿರುಗಿಸಲು ಬಿಡಬೇಡಿ. 5ಯಾ − 7 = 2ಯಾ + 8 ಎಂಬುದಕ್ಕೆ 5 ಬಂದರೆ, ಎಡಕ್ಕೆ 25 − 7, ಬಲಕ್ಕೆ 10 + 8, ಎರಡೂ 18. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ನಿಮ್ಮ ಆ ಹುಡುಗಿ 9 ಅನ್ನು 3ಯಾ = 12ರಲ್ಲಿ ಹಾಕಿ ನೋಡಿದ್ದರೆ 27 = 12 ಎಂದು ಅವಳಿಗೇ ಕಾಣುತ್ತಿತ್ತು.

ಎಂಟನೇ ಕ್ಲಾಸ್ ಟೀಚರ್

ಅದನ್ನೇ ಇಂದು ಮಾಡಿಸಿದೆ ಮೇಷ್ಟ್ರೇ. 27 = 12 ಎಂದು ಬರೆದು ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ ಸಮಚಿಹ್ನೆಯನ್ನಷ್ಟೇ ರಬ್ಬರಿನಿಂದ ಅಳಿಸಿದಳು. ಸೋಮವಾರ ಕುದುರೆಗಳಿಂದ ಶುರು ಮಾಡುತ್ತೇನೆ. ನಿಮ್ಮ ಪಕ್ಷಾಂತರದ ನಗೆಮಾತನ್ನು ಒಂದು ತಿಂಗಳ ಮಟ್ಟಿಗೆ ಎತ್ತಿಟ್ಟಿದ್ದೇನೆ, ಬಿಟ್ಟಿಲ್ಲ.