ಸಹಾಯ ಬೇಕು: ಕೈಬರಹದ ಪಹಣಿಯಲ್ಲಿರುವ 10 ಗುಂಟೆ ಕಂಪ್ಯೂಟರ್ ಪಹಣಿಯಲ್ಲಿ ಇಲ್ಲ

ಎಲ್ಲರಿಗೂ ನಮಸ್ಕಾರ. ಕಂದಾಯ ದಾಖಲೆ ಬಗ್ಗೆ ಗೊತ್ತಿರುವವರು ದಯವಿಟ್ಟು ಓದಿ.

ತಾತನ ಕಾಲದ ಜಮೀನು. ಹಳೇ ಕೈಬರಹದ ಪಹಣಿಯಲ್ಲಿ 2 ಎಕರೆ 14 ಗುಂಟೆ ಇದೆ. ಕಂಪ್ಯೂಟರ್ ಪಹಣಿಯಲ್ಲಿ 2 ಎಕರೆ 4 ಗುಂಟೆ. ಹಳೇ ಹಾಳೆಯಲ್ಲಿ ಆ ‘1’ ಸರಿಯಾಗಿ ಮಡಿಕೆಯ ಮೇಲೆ ಬಿದ್ದು ಮಾಸಿದೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಅಲ್ಲೇ ಎಡವಟ್ಟಾಗಿದೆ ಅನಿಸುತ್ತದೆ. ನಾವು ಮಾರಿಲ್ಲ, ಭಾಗ ಆಗಿಲ್ಲ, ರಸ್ತೆಗೂ ಹೋಗಿಲ್ಲ. ಮ್ಯುಟೇಶನ್ನೇ (ಹಕ್ಕು ಬದಲಾವಣೆಯ ದಾಖಲಾತಿ) ಇಲ್ಲದೆ ಜಮೀನು ಕರಗುತ್ತದಾ ಹೇಳಿ!

ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಡುವ ಸರ್ವೆ ಇಲಾಖೆಯ ದಾಖಲೆಯಾದ ಆಕಾರಬಂದ್‌ನ ನಕಲು ತೆಗೆಸಿದೆ, ಅದರಲ್ಲೂ 14 ಗುಂಟೆಯೇ ಇದೆ. ಎರಡನ್ನೂ ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಕೊಟ್ಟೆ. ‘ಟೈಪಿಂಗ್ ತಪ್ಪು ಅಷ್ಟೇ, ತಹಶೀಲ್ದಾರರ ಆದೇಶ ಸಾಕು’ ಎಂದು ಒಬ್ಬರು ಹೇಳುತ್ತಾರೆ. ‘ವಿಸ್ತೀರ್ಣ ಬದಲಾಗುತ್ತದೆ, ಮೊದಲು ಸರ್ವೆ ಆಗಲಿ, ಆಮೇಲೆ ಉಪವಿಭಾಗಾಧಿಕಾರಿ ಹತ್ತಿರ ಮೇಲ್ಮನವಿ ಹಾಕಿ’ ಎಂದು ಇನ್ನೊಬ್ಬರು. ಅರ್ಜಿ ಸುಮ್ನೆ ಟೇಬಲ್ಲಿಂದ ಟೇಬಲ್ಲಿಗೆ ಓಡಾಡುತ್ತಿದೆ.

ನನ್ನ ಪ್ರಶ್ನೆ ಇಷ್ಟೇ: ಆಕಾರಬಂದ್, ಕೈಬರಹದ ಪಹಣಿ ಎರಡೂ ತಾಳೆಯಾಗುವಾಗ, ಪಹಣಿಗಳ ಕಂಪ್ಯೂಟರ್ ವ್ಯವಸ್ಥೆಯಾದ ‘ಭೂಮಿ’ಯಲ್ಲಿ ವಿಸ್ತೀರ್ಣ ತಿದ್ದಲು ತಹಶೀಲ್ದಾರರ ಆದೇಶವೇ ಸಾಕಾ, ಇಲ್ಲ ಸರ್ವೆ, ಮೇಲ್ಮನವಿ ಬೇಕೇ ಬೇಕಾ? ಇಂಥದ್ದೇ ತಪ್ಪು ಸರಿಮಾಡಿಸಿಕೊಂಡವರು ಯಾವ ಕಚೇರಿಗೆ ಏನೇನು ದಾಖಲೆ ಕೊಟ್ಟಿರಿ, ತಿಳಿಸುತ್ತೀರಾ?